ಬೆಳಕಿನ ಗೆರೆಗಳೂ ನನ್ನ ಕುಟ್ಟಾಣಿಯೂ

ಜರ್ಮನಿಯಿಂದ ತಂದ ಬ್ಯಾಗು ಇನ್ನೂ ಪೂರ್ತಿ ಖಾಲಿಯಾಗಿಲ್ಲ, ಆಗಲೇ ಬರೆಯಲು ಕೂತಿದ್ದೇನೆ. ಬಂದಾಗಿನಿಂದ ಕಂಡಕಂಡವರಿಗೆ ಹೇಳಿಯಾಯಿತು. ಬಸ್ಸು ನಿಲ್ದಾಣದಲ್ಲಿ ಹೇಳಿದೆ, ಹಾಲಿನ ಸೊಸೈಟಿಯಲ್ಲಿ ಹೇಳಿದೆ, ಮೀನು ತರುವ ಅದ್ದುವಿಗೆ ಹೇಳುತ್ತ ಹೇಳುತ್ತ ಮೀನು ತೆಗೆದುಕೊಳ್ಳುವುದನ್ನೇ ಮರೆತು ಮನೆಗೆ ಬಂದೆ. "ಹೀಗೆ ಒಬ್ಬೊಬ್ಬರಿಗೇ ಹೇಳ್ತಾ ಹೋದ್ರೆ ನಿನ್ನ ಗಂಟಲು ಉಳಿಯುದಿಲ್ಲ. ಒಮ್ಮೆ ಬರೆದುಬಿಡು ಮಾರಾಯ್ತಿ" ಎಂದರು ನಮ್ಮವರು.

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆಮೇಲೆ ಬರೆದದ್ದೆಲ್ಲ ಜಾಲ್ಸೂರು ಪೇಟೆಯ ನಮ್ಮ ಚಿಕ್ಕ ಹೋಟೆಲಿನ ಕರಿಹಲಗೆಯ ಮೇಲೆ: ಗೋಳಿಬಜೆ, ಬನ್ಸ್, ಅವಲಕ್ಕಿ. ಆದ್ದರಿಂದ ಇದರ ಅಕ್ಷರಗಳನ್ನು ಮಗಳು ತಿದ್ದಿದ್ದಾಳೆ. ಸಂತೋಷವನ್ನು ತಿದ್ದಲು ನಾನು ಬಿಡಲಿಲ್ಲ.

ಸಿಂಚನ ನನ್ನ ಮಗಳ ಮಗಳು. ಪುತ್ತೂರಿನಲ್ಲಿ ಡಿಗ್ರಿ ಮುಗಿಸಿ ಭೌತಶಾಸ್ತ್ರ ಓದಲು ಜರ್ಮನಿಯ ಪೋಟ್ಸ್‌ಡಾಮ್ ಎಂಬ ಊರಿಗೆ ಹೋದವಳು. ಆ ಊರಿನ ಒಂದು ಗುಡ್ಡದ ಮೇಲೆ ನನ್ನ ಮುತ್ತಜ್ಜನ ಕಾಲದಲ್ಲಿ ಒಬ್ಬ ವಿಜ್ಞಾನಿ ಬೆಳಕನ್ನು ಪರೀಕ್ಷೆ ಮಾಡಿದ್ದನಂತೆ. ಆಗಿನ ಹಾಗೆಯೇ ಹಿತ್ತಾಳೆಯ ಯಂತ್ರ ಕೂರಿಸಿ ಅದನ್ನು ಮತ್ತೆ ಮಾಡಿ ತೋರಿಸುವುದು ಸಿಂಚನಳ ಕೊನೆಯ ವರ್ಷದ ಕೆಲಸ. ಒಂದು ಆದಿತ್ಯವಾರ ಬಾಗಿಲು ತೆರೆದು ಊರವರಿಗೆಲ್ಲ ತೋರಿಸುವುದೆಂದು ನಿಶ್ಚಯವಾಗಿತ್ತು. ಅದನ್ನು ನೋಡಲು ಮನೆಯಿಂದ ಒಬ್ಬರಾದರೂ ಬರಬೇಕು ಎಂದು ಅವಳ ಹಟ. ಅವಳ ಅಮ್ಮನಿಗೆ ರಜೆ ಸಿಗಲಿಲ್ಲ, ಅಜ್ಜನ ಮೊಣಕಾಲು ಒಪ್ಪಲಿಲ್ಲ. "ಹಾಗಾದ್ರೆ ಅಜ್ಜಿ, ನೀವೇ ಬನ್ನಿ" ಎಂದಳು. ಬೇಡ ಎನ್ನಲು ನನಗೆ ಹುಚ್ಚೇ?

ಗಾಲಿಕುರ್ಚಿಯಲ್ಲಿ

ವಿಮಾನ ನಿಲ್ದಾಣದಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ನಡೆಯಲು ಬಾರದ್ದಕ್ಕಲ್ಲ, ಬೋರ್ಡು ಓದಲು ಬಾರದ್ದಕ್ಕೆ. ಕುರ್ಚಿ ಬೇಕೆಂದು ಹೇಳಿದರೆ ತಳ್ಳುವವನೇ ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾನೆ ಎಂದು ಮಗಳ ಉಪಾಯ. ಜೀವಮಾನವಿಡೀ ನಿಂತು ದೋಸೆ ಹೊಯ್ದ ಕಾಲುಗಳು ಹೀಗೆ ಕೆಲಸವಿಲ್ಲದೆ ನೇತಾಡುವುದನ್ನು ನೋಡಿ ನನಗೇ ನಗು ಬಂತು. ಮಧ್ಯದಲ್ಲಿ ಒಮ್ಮೆ ಮರೆತು ಎದ್ದು, ಬಿದ್ದ ಶಾಲನ್ನು ಹೆಕ್ಕಿ ಮತ್ತೆ ಕೂತೆ. ತಳ್ಳುತ್ತಿದ್ದವ ಆಕಡೆ ಮುಖ ಮಾಡಿದ, ಒಳ್ಳೆಯವ.

ಜರ್ಮನಿಯಲ್ಲಿ ಇಳಿದ ಮೇಲೆ ನನ್ನ ಬ್ಯಾಗನ್ನು ತೆರೆಸಿದರು. ನನಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಯೇ ಬಾಯಿಗೆ ಹಾಕಬೇಕು. ಆದ್ದರಿಂದ ಬ್ಯಾಗಿನಲ್ಲಿ ಒಣ ಅಡಿಕೆ, ವೀಳ್ಯದೆಲೆಯ ಕಟ್ಟು, ಸುಣ್ಣದ ಡಬ್ಬಿ, ನನ್ನ ತಾಯಿಯ ಕಾಲದ ಕಬ್ಬಿಣದ ಕುಟ್ಟಾಣಿ ಎಲ್ಲ ಇತ್ತು. ಅಧಿಕಾರಿ ಸುಣ್ಣವನ್ನು ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಮಾಡಿಯೇ ತೋರಿಸಿದೆ. ಎಲೆಗೆ ಸುಣ್ಣ ಹಚ್ಚಿದೆ, ಅಡಿಕೆ ಇಟ್ಟೆ, ಅಲ್ಲೇ ಮೇಜಿನ ಮೇಲೆ ಟಕಟಕ ಕುಟ್ಟಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದೆ. ಸುತ್ತ ನಿಂತ ಸಮವಸ್ತ್ರದವರೆಲ್ಲ ನಕ್ಕರು. ನಕ್ಕು, ಹಸಿ ಎಲೆ ಒಳಗೆ ಬಿಡುವಂತಿಲ್ಲ ಎಂದು ಎಲೆಯ ಕಟ್ಟನ್ನು ಬುಟ್ಟಿಗೆ ಹಾಕಿದರು.

ಉಳಿದದ್ದು ಬರೀ ಅಡಿಕೆ. ಎಲೆಯ ಹಸಿ ಇಲ್ಲದ ಒಣ ಅಡಿಕೆ ಬೇಗ ನುಣ್ಣಗಾಗುವುದಿಲ್ಲ. ಒಂದು ಲವಂಗ ಸೇರಿಸಿ ಜೋರಾಗಿ, ತುಂಬ ಹೊತ್ತು ಕುಟ್ಟಬೇಕು. ಇದನ್ನು ನೆನಪಿಡಿ. ಮುಂದಿನ ಎಲ್ಲ ಕಷ್ಟಕ್ಕೂ ಮೂಲ ಇದೇ.

ಸಿಂಚನಳ ಕೋಣೆ

ಹುಡುಗಿ ಸೊರಗಿದ್ದಳು. ಆದರೆ ನನ್ನನ್ನು ಅಪ್ಪಿಕೊಂಡು ಎತ್ತಿಯೇ ಬಿಟ್ಟಳು. ಅವಳ ಕೋಣೆ ಮಹಡಿಯ ಮೇಲೆ. ಕೆಳಗಿನ ಮನೆಯಲ್ಲಿ ನನ್ನದೇ ಪ್ರಾಯದ ಒಬ್ಬ ಹೆಂಗಸು ಒಬ್ಬರೇ ಇದ್ದಾರೆ.

ಅಲ್ಲಿಯ ಜನ ಒಳ್ಳೆಯವರು, ಆದರೆ ಎಂಥ ಮೌನ! ರಸ್ತೆಯಲ್ಲಿ ಒಂದು ವಾಹನವೂ ಇಲ್ಲ, ಆದರೂ ಕೆಂಪು ದೀಪ ಉಂಟೆಂದು ಎಲ್ಲರೂ ಕಂಬದ ಹಾಗೆ ನಿಂತಿರುತ್ತಾರೆ. ರೈಲಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮಲ್ಲಿ ಜಾಲ್ಸೂರಿನಿಂದ ಕಾಸರಗೋಡು ಬಸ್ಸು ಹತ್ತಿದರೆ ಮುಳ್ಳೇರಿಯ ಮುಟ್ಟುವುದರೊಳಗೆ ಪಕ್ಕದವರ ಮಗಳ ಮದುವೆಯಿಂದ ಅವರ ದನದ ಕಾಲುನೋವಿನವರೆಗೆ ಗೊತ್ತಾಗಿರುತ್ತದೆ. ನಾನು ಎದುರು ಕೂತ ಒಬ್ಬ ತಾಯಿಯ ಮಗುವಿಗೆ ನಾಲಿಗೆ ತೋರಿಸಿದೆ. ಮಗು ನಕ್ಕಿತು. ತಾಯಿ ನಕ್ಕಳು. ಆಮೇಲೆ ಆ ಸಾಲಿನವರೆಲ್ಲ ಸ್ವಲ್ಪ ಸ್ವಲ್ಪ ನಕ್ಕರು. ಅಲ್ಲಿಯವರಿಗೂ ನಗಲು ಆಸೆ ಉಂಟು, ಯಾರಾದರೂ ಶುರು ಮಾಡಬೇಕು, ಅಷ್ಟೇ.

ಮರುದಿನ ಊಟವಾಗಿ ಕುಟ್ಟಾಣಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಕೆಳಗಿನ ಹೆಂಗಸು ಬಂದರು. ಸಿಂಚನಳ ಹತ್ತಿರ ಮೆಲ್ಲಗೆ ಏನೋ ಹೇಳಿ, ನನಗೂ ತಲೆ ಬಾಗಿಸಿ ಹೋದರು.

"ಎಂತ ಅಂತೆ?"

"ಮೇಲೆ ಯಾರಾದ್ರೂ ಗೋಡೆಗೆ ಮೊಳೆ ಹೊಡೀತಿದ್ದಾರಾ ಅಂತ ಕೇಳಿದ್ರು. ಅವರ ಚಾ ಕಪ್ಪು ಸಾಸರಿನಲ್ಲಿ ಕುಣೀತದಂತೆ" ಎಂದಳು ಸಿಂಚನ ನಗುತ್ತ. "ಅಜ್ಜಿ, ಈ ಮನೆಯಲ್ಲಿ ಮಾತ್ರ ಕುಟ್ಟುದು ಬೇಡ, ಆಯ್ತಾ?"

"ಆಯ್ತು ಮಗಾ" ಎಂದೆ. ಹೇಳಿದ ಮಾತಿನಂತೆ ಆ ಮನೆಯಲ್ಲಿ ಮತ್ತೆ ನಾನು ಕುಟ್ಟಲಿಲ್ಲ.

ಗುಡ್ಡದ ಮೇಲೆ

ಮರುದಿನದಿಂದ ಸಿಂಚನಳ ಒಟ್ಟಿಗೆ ನಾನೂ ಗುಡ್ಡಕ್ಕೆ ಹೋಗತೊಡಗಿದೆ. ಬುತ್ತಿ ನಾನೇ ಕಟ್ಟುತ್ತಿದ್ದೆ. ಎತ್ತರದ ಮರಗಳ ನಡುವೆ ಕೆಂಪು ಹಳದಿ ಇಟ್ಟಿಗೆಯ ಹಳೆಯ ಕಟ್ಟಡ, ಗೋಡೆ ನಮ್ಮ ಒಂದು ಮಾರು ದಪ್ಪ ಇರಬಹುದು. ಯಂತ್ರ ಇರುವುದು ನೆಲದಡಿಯ ಕೋಣೆಯಲ್ಲಿ. ಮೇಲೆ ಕಲ್ಲು ಹಾಸಿದ ಒಂದು ಖಾಲಿ ಕೋಣೆ, ಅಲ್ಲಿ ಕಿಟಕಿಯ ಹತ್ತಿರ ನನಗೊಂದು ಬೆಂಚು.

ಮೊದಲ ದಿನ ಬೆಳಿಗ್ಗೆ ಕೆಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಇಟ್ಟಿಗೆಯ ಕಂಬದ ಮೇಲೆ ಅಡ್ಡ ಉದ್ದ ಎರಡು ಹಿತ್ತಾಳೆಯ ಕೈಗಳು, ತುದಿಗಳಲ್ಲಿ ಕನ್ನಡಿ, ನಡುವೆ ಒಂದು ಗಾಜು, ಪಕ್ಕದಲ್ಲಿ ಹಳದಿ ದೀಪ. ಅವಳ ಜೊತೆ ಕೆಲಸ ಮಾಡುವ ಯೋನಾಸ್ ಎಂಬ ಉದ್ದ ಹುಡುಗ ನನಗೆ ಕುರ್ಚಿ ಹಾಕಿದ. ಕೊಳವೆಯಲ್ಲಿ ಕಣ್ಣಿಟ್ಟೆ. ಹಳದಿ, ಕಪ್ಪು, ಹಳದಿ, ಕಪ್ಪು, ಹೆಗಲಿಗೆ ಹಾಕುವ ಬೈರಾಸಿನ ಅಂಚಿನಲ್ಲಿ ಇರುವಂಥ ಗೆರೆಗಳು, ಅಲುಗಾಡದೆ ನಿಂತಿದ್ದವು.

"ಇದೆಂತ, ಬೆಳಕಿಗೆ ಗೆರೆ ಎಳೆದವರು ಯಾರು?"

"ಯಾರೂ ಎಳೆದದ್ದಲ್ಲ ಅಜ್ಜಿ. ಒಂದೇ ಬೆಳಕನ್ನು ಎರಡು ಮಾಡಿ, ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ ಕಳಿಸುದು. ಎರಡೂ ಕನ್ನಡಿಗೆ ಬಡಿದು ವಾಪಸ್ ಬಂದು ಸೇರುವಾಗ ಹೀಗೆ ಗೆರೆ ಆಗ್ತದೆ." ಅವಳು ನನ್ನ ಮುಖ ನೋಡಿದಳು. "ಪಯಸ್ವಿನಿಯಲ್ಲಿ ಇಬ್ಬರು ಈಜುದು ಅಂತ ಇಟ್ಕೊಳ್ಳಿ. ಇಬ್ಬರಿಗೂ ಒಂದೇ ಜೋರು. ಒಬ್ಬ ಹೊಳೆಗೆ ಅಡ್ಡ ಹೋಗಿ ವಾಪಸ್ ಬರುದು. ಇನ್ನೊಬ್ಬ ಅಷ್ಟೇ ದೂರ ಕೆಳಗೆ ಹೋಗಿ, ನೀರಿಗೆ ಎದುರು ಈಜಿ ಬರುದು. ಯಾರು ಮೊದಲು?"

"ಅಡ್ಡ ಹೋದವ. ಎದುರು ಈಜುದು ಸುಲಭವಾ? ನಿನ್ನ ಅಜ್ಜ ಒಮ್ಮೆ ಹೋಗಿ ಅರ್ಧದಲ್ಲಿ ಬೊಬ್ಬೆ ಹೊಡೆದದ್ದು ಮರೆತಿಲ್ಲ."

"ಹಾಂ! ಬೆಳಕು ಬರ್ಲಿಕ್ಕೆ ಈಥರ್ ಅಂತ ಒಂದು ವಸ್ತು ಆಕಾಶ ಇಡೀ ತುಂಬಿಕೊಂಡುಂಟು ಅಂತ ಆಗಿನವರು ನಂಬಿದ್ರು. ಭೂಮಿ ಅದರೊಳಗೆ ಓಡುವಾಗ ನಮಗೆ ಅದು ಹೊಳೆ ಹರಿದ ಹಾಗೆ ಆಗ್ಬೇಕಲ್ಲ? ಹಾಗೆ ಈ ಯಂತ್ರ ಮಾಡಿದ್ದು. ತಿರುಗಿಸಿದ್ರೆ ಉದ್ದದ್ದು ಅಡ್ಡ ಆಗ್ತದೆ, ಅಡ್ಡದ್ದು ಉದ್ದ ಆಗ್ತದೆ. ಆಗ ಗೆರೆ ಸರೀಬೇಕಿತ್ತು."

"ಸರೀತಾ?"

"ಇಲ್ಲ. ಇಬ್ಬರೂ ಒಟ್ಟಿಗೇ ಬಂದ್ರು."

"ಹಾಗಾದ್ರೆ ಹೊಳೆ ಎಲ್ಲಿಗೆ ಹೋಯ್ತು?"

"ಹೊಳೆಯೇ ಇಲ್ಲ ಅಜ್ಜಿ. ಇರ್ಲೇ ಇಲ್ಲ."

ಇಲ್ಲ ಎಂದು ಗೊತ್ತುಮಾಡಲಿಕ್ಕೆ ಇಷ್ಟು ದೊಡ್ಡ ಏರ್ಪಾಡು! ಆ ವಿಜ್ಞಾನಿಯೂ ಆಗ ಎಳೆ ಪ್ರಾಯದವನಂತೆ, ಅಮೆರಿಕದಿಂದ ಓದಲು ಬಂದವನು. ಮೊದಲು ಬರ್ಲಿನ್‌ನಲ್ಲಿ ಮಾಡಿ ನೋಡಿದನಂತೆ. ಬೀದಿಯ ಗಾಡಿಗಳ ಅದುರಿಗೆ ಗೆರೆಗಳು ನಿಲ್ಲದೆ, ಯಂತ್ರವನ್ನು ಈ ಗುಡ್ಡಕ್ಕೆ ತಂದನಂತೆ. ಅದುರು ಎಂದರೇನೆಂದು ನನಗೆ ಗೊತ್ತು. ನಮ್ಮ ಹೋಟೆಲಿನ ಕಪಾಟಿನ ಗ್ಲಾಸುಗಳು ಕಿಣಿಕಿಣಿ ಎಂದರೆ ಕಾಸರಗೋಡು ಬಸ್ಸು ತಿರುವಿನಲ್ಲಿ ಉಂಟೆಂದು ಅರ್ಥ, ಹಾಲು ಒಲೆಗೆ ಇಡುವುದೇ. ಗೆರೆ ಸರಿಯದ್ದನ್ನು ನೋಡಿ ಆ ಹುಡುಗನಿಗೆ ಬೇಸರವಾಯಿತಂತೆ. ಪಾಪ, ದೂರದೂರಿನಲ್ಲಿ ಒಬ್ಬನೇ. ಮನೆಗೆ ಏನೆಂದು ಹೇಳಿಕಳಿಸಿದನೋ! ಆಮೇಲೆ ತನ್ನ ದೇಶಕ್ಕೆ ಹೋಗಿ, ಸ್ನೇಹಿತನ ಜೊತೆ ಸೇರಿ, ದೊಡ್ಡ ಕಲ್ಲುಚಪ್ಪಡಿಯನ್ನು ಪಾದರಸದಲ್ಲಿ ತೇಲಿಸಿ ಇನ್ನೂ ನಾಜೂಕಾಗಿ ಮಾಡಿದನಂತೆ. ಆಗಲೂ ಗೆರೆ ಸರಿಯಲಿಲ್ಲ. ಆ 'ಇಲ್ಲ' ಎಷ್ಟು ದೊಡ್ಡದೆಂದು ಲೋಕಕ್ಕೆ ಗೊತ್ತಾದದ್ದು ನಿಧಾನವಾಗಿ.

ಆ ಮೇಲೆ ದಿನಾ ಅವರಿಬ್ಬರೂ ಊಟ ಮಾಡಿ ಕೆಳಗೆ ಇಳಿಯುವರು. ಬಾಗಿಲು ಹಾಕಿಕೊಂಡರೆ, ಬೊಬ್ಬೆ ಹೊಡೆದರೆ ಮಾತ್ರ ಮೇಲೆ ಕೆಳಗೆ ಕೇಳುವುದು. ನಾನು ಮೇಲೆ ಕಲ್ಲುನೆಲದ ಮೇಲೆ ಕಾಲು ಚಾಚಿ ಕೂತು, ಆಹಾ, ಇಲ್ಲಿ ಯಾರ ಚಾ ಕಪ್ಪೂ ಕುಣಿಯುವುದಿಲ್ಲ ಎಂದು ನೆಮ್ಮದಿಯಿಂದ ಕುಟ್ಟಾಣಿ ತೆಗೆಯುವೆ.

ಓದುತ್ತಿರುವ ನಿಮಗೆ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ.

ಮರದ ಕೆಳಗೆ

ದಿನದಿಂದ ದಿನಕ್ಕೆ ಸಿಂಚನ ಬಾಡತೊಡಗಿದಳು. ಬೆಳಿಗ್ಗೆ ಹಾಡುತ್ತ ಹೋದವಳು ಸಂಜೆ ಮಾತಿಲ್ಲದೆ ಮೇಲೆ ಬರುವಳು. ಶುಕ್ರವಾರ ಸಂಜೆ ನಾನು ಅವಳನ್ನು ಗುಡ್ಡದ ಮೇಲಿನ ಒಂದು ಮರದ ಕೆಳಗೆ ಕೂರಿಸಿದೆ.

"ಎಂತ ಆಯ್ತು ಹೇಳು. ಅಮ್ಮನಿಗೆ ಹೇಳುದಿಲ್ಲ."

ಅವಳ ಕಣ್ಣು ತುಂಬಿತು. "ಗೆರೆ ನಿಲ್ಲುದಿಲ್ಲ ಅಜ್ಜಿ. ನೀವು ಬರುವ ಮೊದಲು ಸರಿಯಾಗಿ ನಿಂತಿತ್ತು. ಈಗ ಬೆಳಿಗ್ಗೆ ಸರಿ ಇರ್ತದೆ, ಮಧ್ಯಾಹ್ನ ಆದ ಮೇಲೆ ನಡುಗಿ ಮಾಯ ಆಗ್ತದೆ. ಬಿಸಿಲಿಗೆ ಹಿತ್ತಾಳೆ ಹಿಗ್ಗುದಾ ಅಂತ ನೋಡಿದೆ. ಸ್ಕ್ರೂ ಎಲ್ಲ ಬಿಚ್ಚಿ ಪುನಃ ಹಾಕಿದೆ. ಆದಿತ್ಯವಾರ ನಮ್ಮ ಪ್ರೊಫೆಸರ್ ಮೇಡಂ ಜನರ ಎದುರೇ ನೋಡುದು. ನಿಲ್ಲದಿದ್ರೆ ಈ ಕೆಲಸ ಒಪ್ಪುದಿಲ್ಲ, ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡ್ಬೇಕು. ನನಗೆ ಆಗುದಿಲ್ಲ. ನಾನೂ ನಿಮ್ಮ ಒಟ್ಟಿಗೆ ಊರಿಗೆ ಬಂದುಬಿಡ್ತೇನೆ."

ಅಜ್ಜಿಯಾದವಳಿಗೆ ಮೊಮ್ಮಗಳು ಬರುತ್ತೇನೆಂದರೆ ಸಂತೋಷವಾಗಬೇಕಲ್ಲ? ಆಗಲಿಲ್ಲ. ಆ ಮಾತಿನಲ್ಲಿ ಊರಿನ ಆಸೆ ಇರಲಿಲ್ಲ, ಸೋಲು ಮಾತ್ರ ಇತ್ತು. "ನಾಳೆ ಶನಿವಾರ. ನಿನ್ನ ಹೆಸರಿನಲ್ಲಿ ಉಪವಾಸ ಇರ್ತೇನೆ, ದೇವರು ನಡೆಸಿಕೊಡ್ತಾನೆ" ಎಂದು ತಲೆ ಸವರಿದೆ. ಶನಿವಾರ ನಾನು ಹೇಗೂ ಒಪ್ಪೊತ್ತು. ಈ ಸಲ ಅವಳ ಹೆಸರು ಸೇರಿತು, ಅಷ್ಟೇ.

ಶನಿವಾರ

ನನ್ನ ಶನಿವಾರ ಹೀಗೆ: ಸಂಜೆ ದೀಪ ಹಚ್ಚುವವರೆಗೆ ಊಟವಿಲ್ಲ, ಎಲೆ ಅಡಿಕೆಯೂ ಇಲ್ಲ. ಆದರೆ ಆ ದೇಶದಲ್ಲಿ ಬೇಸಿಗೆಯ ಸೂರ್ಯನಿಗೆ ಮುಳುಗುವ ಮನಸ್ಸೇ ಇಲ್ಲ, ನಾವು ಮಲಗುವ ಹೊತ್ತಿಗೂ ಬೆಳಕು. ಹಾಗಾಗಿ ಊರಿನ ಸೂರ್ಯನನ್ನೇ ಲೆಕ್ಕಕ್ಕೆ ಹಿಡಿದೆ. ಅಲ್ಲಿ ದೀಪ ಹಚ್ಚಿದರೆ ಇಲ್ಲಿ ನನ್ನ ಉಪವಾಸ ಮುಗಿಯಿತು.

ಮಧ್ಯಾಹ್ನ ಮಕ್ಕಳಿಬ್ಬರು ಉಂಡು ಕೆಳಗೆ ಇಳಿದರು. ನಾನು ಬೆಂಚಿನ ಮೇಲೆ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಸಿಂಚನ ಓಡಿ ಬಂದಳು. "ಅಜ್ಜಿ, ನಿಂತಿದೆ! ಇವತ್ತು ಅಲ್ಲಾಡುದೇ ಇಲ್ಲ!" ನನ್ನ ಕೆನ್ನೆ ಹಿಂಡಿ ಮತ್ತೆ ಓಡಿದಳು. ನನಗೆ ಆದ ಸಂತೋಷ ಹೇಳತೀರದು. ದೇವರಿಗೆ ಜರ್ಮನಿಯೂ ಹತ್ತಿರವೇ ಎಂದುಕೊಂಡೆ.

ಅಷ್ಟರಲ್ಲಿ ಊರಿನಲ್ಲಿ ಸಂಜೆಯಾಗಿರಬೇಕೆಂದು ನಮ್ಮವರಿಗೆ ಫೋನು ಮಾಡಿದೆ.

"ದೀಪ ಹಚ್ಚಿದ್ರಾ?"

"ಹಚ್ಚಿದೆ. ನೀನು ಅಲ್ಲಿ ಹಟ್ಟಹಗಲು ಉಪವಾಸ ಬಿಡುದಾ? ದೇವರಿಗೇ ಮೋಸ!"

"ದೇವರು ಎರಡು ಗಡಿಯಾರ ಕಟ್ಟಿಕೊಂಡಿಲ್ಲ. ನಿಮ್ಮ ಮಾತ್ರೆ ತಗೊಳ್ಳಿ" ಎಂದು ಇಟ್ಟೆ.

ಬುತ್ತಿಯ ಅವಲಕ್ಕಿ ತಿಂದೆ. ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಕುಟ್ಟಾಣಿ ತೆಗೆದು, ದಿನವಿಡೀ ಕಾದ ಬಾಯಲ್ಲವೇ, ಜೋರಾಗಿ ನಾಲ್ಕು ಕುಟ್ಟಿದೆ.

ಕೆಳಗಿನಿಂದ ಸಿಂಚನಳ ಕೂಗು: "ಅಯ್ಯೋ, ಹೋಯ್ತು!"

ಹೆದರಿ ಕೈ ನಿಲ್ಲಿಸಿದೆ. ಕಿವಿಗೊಟ್ಟು ಕೂತೆ. ಸ್ವಲ್ಪ ಹೊತ್ತಿನಲ್ಲಿ, "ಬಂತು, ಬಂತು!" ಎಂದಿತು ಅದೇ ದನಿ. ಸದ್ಯ, ಎಂದುಕೊಂಡು ಮತ್ತೆ ಕುಟ್ಟಿದೆ.

"ಪುನಃ ಹೋಯ್ತು!"

ನನ್ನ ಕೈ ಮೇಲೆಯೇ ನಿಂತಿತು. ಕೆಳಗಿನ ಮನೆಯವರ ಚಾ ಕಪ್ಪು ನೆನಪಾಯಿತು. ನಮ್ಮ ಹೋಟೆಲಿನ ಗ್ಲಾಸುಗಳು ನೆನಪಾದವು. ದೇವರೇ, ಇಷ್ಟು ದಿನ ಬಸ್ಸಾದದ್ದು ನಾನೇ!

ಕುಟ್ಟಾಣಿ ಹಿಡಿದುಕೊಂಡೇ ಮೆಟ್ಟಲಿಳಿದೆ. ಬಾಗಿಲು ತೆರೆದ ಸಿಂಚನ ನನ್ನ ಮುಖ ನೋಡಿದಳು, ಕೈ ನೋಡಿದಳು. "ಮಗಾ, ಕುಟ್ಟಿದ್ದು ನಾನು. ದಿನಾ ಇಲ್ಲೇ ಕುಟ್ಟುದು. ಮನೆಯಲ್ಲಿ ಬೇಡ ಅಂದಿದ್ದಿಯಲ್ಲ..."

ಬೈಯುತ್ತಾಳೆಂದುಕೊಂಡೆ. ಅವಳು ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಯೋನಾಸನಿಗೆ ಅವರ ಭಾಷೆಯಲ್ಲಿ ಹೇಳಿದಾಗ ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಅವನು ನನ್ನನ್ನು ಮೇಲೆ ಕಳಿಸಿ, ಕುಟ್ಟಿ ಎಂದ, ನಿಲ್ಲಿಸಿ ಎಂದ, ಮತ್ತೆ ಕುಟ್ಟಿ ಎಂದ. ಸಂಶಯವೇ ಉಳಿಯಲಿಲ್ಲ.

"ನನ್ನ ಯಂತ್ರ ಸರಿಯೇ ಇತ್ತು ಅಜ್ಜಿ" ಎಂದು ಸಿಂಚನ ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡಳು. "ನನ್ನದು ಎಂತ ತಪ್ಪಿರ್ಲಿಲ್ಲ."

ಆದಿತ್ಯವಾರ

ಜನ ಬಂದರು. ಚಪ್ಪಲಿ, ಶೂ ಎಲ್ಲ ಹೊರಗೆ ಬಿಡಬೇಕೆಂದು ಸಿಂಚನ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಆ ಉದ್ದುದ್ದ ಬಿಳಿಯರು ಕಾಲುಚೀಲದಲ್ಲಿ ಮೆಲ್ಲಗೆ ಮೆಟ್ಟಲಿಳಿಯುವುದನ್ನು ನೋಡಬೇಕು! ಮೆಟ್ಟಲ ಹತ್ತಿರದ ಶೂಗಳ ರಾಶಿ ನೋಡಿದರೆ ಒಳಗೆ ಪೂಜೆ ನಡೆಯುತ್ತಿದೆ ಎಂದೇ ಅನಿಸಬೇಕು. ನಾವು ಕರೆದಿದ್ದ ಕೆಳಗಿನ ಮನೆಯ ಹೆಂಗಸೂ ಬಂದಿದ್ದರು.

ನಾನು ಸೀರೆಯ ಸೆರಗಿನಲ್ಲಿ ಕೈ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದೆ. ಬೆಳಿಗ್ಗೆಯಿಂದ ಬಾಯಿಗೆ ಅಡಿಕೆ ಹಾಕಿರಲಿಲ್ಲ. ಕೆಮ್ಮು ಬಂದರೂ ನುಂಗಿದೆ. ಸಿಂಚನಳ ಮೇಡಂ ಬಂದರು, ಬೆಳ್ಳಿಕೂದಲಿನ ಗಟ್ಟಿ ಹೆಂಗಸು. ಕಣ್ಣಿಟ್ಟು ತುಂಬ ಹೊತ್ತು ನೋಡಿದರು. ಯೋನಾಸ್ ಯಂತ್ರವನ್ನು ಮೆಲ್ಲ ಮೆಲ್ಲ ತಿರುಗಿಸಿದ. ಉಸಿರಿನ ಸದ್ದು ಸಹ ಇಲ್ಲ. ಮೇಡಂ ನೋಡಿದರು, ಪುನಃ ತಿರುಗಿಸಲು ಹೇಳಿದರು, ಪುನಃ ನೋಡಿದರು. ಸಿಂಚನ ತನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಒಂದನೇ ಕ್ಲಾಸಿಗೆ ಸೇರಿಸಿದ ದಿನ ಸುತ್ತಿದ ಹಾಗೆಯೇ.

ಮೇಡಂ ತಲೆಯೆತ್ತಿ ಅವಳ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಸಿಂಚನ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಿದ ಮೇಲೆ ನನಗೆ ಭಾಷಾಂತರ ಬೇಕಾಗಲಿಲ್ಲ.

ಆದರೆ ಮೇಡಂ ಅಲ್ಲಿಗೇ ಬಿಡಲಿಲ್ಲ. ಯೋನಾಸ್ ಎಲ್ಲ ಹೇಳಿಬಿಟ್ಟಿದ್ದ! ಇದು ಎಷ್ಟು ಸೂಕ್ಷ್ಮವೆಂದು ಜನರಿಗೆ ತಿಳಿಯಬೇಕು, ಅಜ್ಜಿ ಮೇಲೆ ಹೋಗಿ ಕುಟ್ಟಬೇಕು ಎಂದರು. ಹೋದೆ. ಬೆಳಿಗ್ಗೆಯಿಂದ ತಡೆದುಕೊಂಡದ್ದನ್ನೆಲ್ಲ ಸೇರಿಸಿ ಕುಟ್ಟಿದೆ. ಕೆಳಗಿನಿಂದ "ಓ..." ಎಂದು ಬಂತು. ನಿಲ್ಲಿಸಿದೆ. "ಆ..." ಎಂದು ಬಂತು. ಹೊಸಬರು ಇಳಿದ ಹಾಗೆಲ್ಲ ಮತ್ತೆ ಕುಟ್ಟಿದೆ. ಅಷ್ಟು ಅಡಿಕೆಯನ್ನು ಒಂದು ದಿನಕ್ಕೆ ನಾನು ಯಾವತ್ತೂ ತಿಂದದ್ದಿಲ್ಲ. ಕೆಳಗಿನ ಮನೆಯ ಹೆಂಗಸು ಗೆರೆ ನೋಡಿ ಮೇಲೆ ಬಂದು, ಕುಟ್ಟಾಣಿಯನ್ನು ಬೊಟ್ಟು ಮಾಡಿ, ಕೈಯಲ್ಲೇ ಚಾ ಕಪ್ಪು ಕುಣಿಯುವುದನ್ನು ಆಡಿ ತೋರಿಸಿದರು. ಮೊದಲು ಕಂಡುಹಿಡಿದದ್ದು ತಾನೇ ಎಂದು! ನಾವಿಬ್ಬರೂ ಕೈಕೈ ಹಿಡಿದು ನಕ್ಕೆವು.

ಕೊನೆಗೆ ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಕಣ್ಣಿಟ್ಟು ಕೂತೆ. ಸಿಂಚನ ತಿರುಗಿಸಿದಳು. ಹಳದಿ, ಕಪ್ಪು, ಹಳದಿ, ಕಪ್ಪು. ಎಲ್ಲಿದ್ದವೋ ಅಲ್ಲೇ. ಏನೂ ಆಗದೆ ಇರುವುದು ಇಷ್ಟು ಚಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಜಾಲ್ಸೂರು

ಹೊರಡುವ ದಿನ ಸಿಂಚನ ನನ್ನ ಒಟ್ಟಿಗೆ ವಿಮಾನ ನಿಲ್ದಾಣದವರೆಗೆ ಬಂದಳು. ಅವಳ ಹೆಗಲಲ್ಲಿ ಬ್ಯಾಗು ಇತ್ತು, ಅದರಲ್ಲಿ ಅವಳ ಪುಸ್ತಕಗಳು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಾಲು ಮುಟ್ಟಿ, "ಡಿಗ್ರಿ ತಗೊಂಡು ಬರ್ತೇನೆ ಅಜ್ಜಿ" ಎಂದಳು. "ಬಾ" ಎಂದೆ. ಅಳು ಬಂತು, ಆದರೆ ಇದು ಬೇರೆ ಅಳು.

ಮನೆಗೆ ಬಂದು ಊಟ ಮುಗಿಸಿದೆ. ನಮ್ಮವರು ಎಲೆಗೆ ಸುಣ್ಣ ಹಚ್ಚಿ ಅಡಿಕೆ ತಟ್ಟೆಯನ್ನು ನನ್ನ ಕಡೆ ದೂಡಿದರು. ಬ್ಯಾಗಿನ ಹತ್ತಿರ ಹುಡುಕಿ ನೋಡಿದರು.

"ಕುಟ್ಟಾಣಿ ಎಲ್ಲಿ? ಬಿಟ್ಟು ಬಂದಿಯಾ? ನಿನ್ನ ಅಮ್ಮನದ್ದಲ್ವಾ ಅದು!"

"ಬಿಟ್ಟದ್ದಲ್ಲ. ಮೇಡಂ ಕೇಳಿದ್ರು, ಕೊಟ್ಟೆ. ಯಂತ್ರ ನೋಡ್ಲಿಕ್ಕೆ ಬಂದವರಿಗೆ ಇನ್ನು ಮುಂದೆ ಅದರಲ್ಲೇ ಕುಟ್ಟಿ ತೋರಿಸುದಂತೆ."

ಅವರು ಎದ್ದು, ಮೊಣಕಾಲು ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಒಂದು ಗುಂಡುಕಲ್ಲು ತೊಳೆದು ತಂದರು. ಮೆಟ್ಟಲ ಮೇಲೆ ಅಡಿಕೆ ಇಟ್ಟು ತಾವೇ ಕುಟ್ಟತೊಡಗಿದರು. ಒಳಗೆ ಕಪಾಟಿನಲ್ಲಿ ಗ್ಲಾಸುಗಳು ಕಿಣಿಕಿಣಿ ಎಂದವು.

"ಮೆಲ್ಲ ಮಾರಾಯ್ರೆ" ಎಂದೆ, "ಸಿಂಚನ ಅಲ್ಲಿ ನೋಡ್ತಾ ಇರ್ಬಹುದು."